ಹಿತ್ತಲಿನ ಜಿಂಕೆ, ನೆರೆಯ ಕೋವಿ

ಕಳೆದ ದೀಪಾವಳಿ ಊಟದ ದಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಸಂಘದ ಹಿರಿಯರೊಬ್ಬರು ನಮ್ಮ ಬಳಿ ಬಂದು, “ಏನ್ರೀ, ನಿಮ್ಮ ಜಾಗದಲ್ಲಿ ಜಿಂಕೆ ಹೊಡೆಯೋದಕ್ಕೆ ಬಿಡ್ತೀರಂತೆ? ಹೌದೆ?” ಎಂದು ಕೇಳಿದರು. ಹೌದೆಂದೆವು. ಅವರು ಮತ್ತೇನೂ ಹೇಳಲಿಲ್ಲ. ಆದರೆ ನಮ್ಮ ಹಿಂದೆ ಮುಂದೆ ನಿಂತಿದ್ದ ನಾಲ್ಕೈದು ಮನೆಯವರು ಕೋಸಂಬರಿ ಬಡಿಸಿಕೊಳ್ಳುವ ಕೈಯನ್ನು ಒಂದು ಗಳಿಗೆ ತಡೆದು ನಮ್ಮತ್ತ ನೋಡಿದರು. ಕಾಫಿಯ ಹೊತ್ತಿಗೆ ಸುದ್ದಿ ಕೈಕಾಲು ಮೂಡಿಸಿಕೊಂಡು, ನಾವೇ ಕೋವಿ ಹಿಡಿದು ಕಾಡು ಅಲೆಯುತ್ತೇವೆ ಎಂಬಲ್ಲಿಗೆ ಬಂದಿತ್ತು. ಆಗ ಸಂಪಾದಕರು, “ಬಾಯಲ್ಲಿ ಹೇಳ್ತಾ ಹೋದರೆ ಮುಗಿಯೋದಿಲ್ಲ, ಮುಂದಿನ ಸಂಚಿಕೆಗೆ ಬರೆದುಕೊಟ್ಟುಬಿಡಿ” ಎಂದರು. ಆದ್ದರಿಂದ ಈ ಲೇಖನ. ಯಾರನ್ನೂ ಒಪ್ಪಿಸುವ ಉದ್ದೇಶ ನಮಗಿಲ್ಲ. ಇಪ್ಪತ್ತು ವರ್ಷಗಳಾದರೂ ನಮ್ಮ ಮನೆಯೊಳಗೇ ಈ ವಿಷಯ ಪೂರ್ತಿ ಇತ್ಯರ್ಥವಾಗಿಲ್ಲ.

ನಿಮಗೆಲ್ಲ ಗೊತ್ತಿರುವಂತೆ ನಮ್ಮಿಬ್ಬರಲ್ಲಿ ಒಬ್ಬರು ತೀರ್ಥಹಳ್ಳಿ ಕಡೆಯ ಮಲೆನಾಡಿನವರು, ಇನ್ನೊಬ್ಬರು ಮೈಸೂರಿನ ಅಗ್ರಹಾರದವರು. (ಮದುವೆಯ ಕಾಲದಲ್ಲಿ ಎರಡೂ ಕಡೆ ಎಷ್ಟು ಗಲಾಟೆಯಾಯಿತು ಎಂಬುದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.) ಮಲೆನಾಡಿನ ಮನೆಯ ಜಗುಲಿಯ ಗೋಡೆಯಲ್ಲಿ ಅಜ್ಜನ ಕೇಪಿನ ಕೋವಿ ತೂಗುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಭತ್ತ ತೆನೆಯಾಗುವ ಹೊತ್ತಿಗೆ ಹಂದಿಗಳ ಕಾಟ. ಆಗ ಊರಿನ ಹತ್ತು ಮನೆಯವರು ನಾಯಿಗಳೊಂದಿಗೆ ಹಳು ನುಗ್ಗುವುದು, ಕೋವಿಯವರು ಅಲ್ಲಲ್ಲಿ ಹೊಂಚಿ ಕೂರುವುದು. ಬಿದ್ದದ್ದನ್ನು ಅಂಗಳಕ್ಕೆ ತಂದು ಪಾಲು ಹಾಕುತ್ತಿದ್ದರು. ಈಡು ಹೊಡೆದವನಿಗೆ ಒಂದು ಪಾಲು ಹೆಚ್ಚು, ಹಳು ನುಗ್ಗಿದವರಿಗೆಲ್ಲ ಸಮಪಾಲು, ನಾಯಿಗೂ ಒಂದು ಪಾಲು. ಗಬ್ಬದ ಪ್ರಾಣಿಗೆ ಗುಂಡು ಹಾಕಬಾರದು ಎಂಬ ಮಾತಿತ್ತು. ಮಾತಿತ್ತು ಅಷ್ಟೇ. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಹೊಳೆಯುವ ಕಣ್ಣು ಗಂಡಿನದೋ ಹೆಣ್ಣಿನದೋ ಎಂದು ನೋಡಿ ಹೊಡೆದವರು ಕಡಿಮೆ. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವ ಹೊತ್ತಿಗೆ ಆ ಊರಿನ ಕಾಡಿನಲ್ಲಿ ಇಡೀ ದಿನ ಹಳು ನುಗ್ಗಿದರೂ ಒಂದು ಕಡವೆ ಏಳುತ್ತಿರಲಿಲ್ಲವಂತೆ. ಕಾಯಿದೆ ಬಂದದ್ದರಿಂದ ಬೇಟೆ ನಿಂತಿತು ಎಂದು ಅಜ್ಜ ಬೈಯುತ್ತಿದ್ದರು. ಹೊಡೆಯುವುದಕ್ಕೆ ಏನೂ ಉಳಿದಿರಲಿಲ್ಲವಾದ್ದರಿಂದ ನಿಂತಿತು ಎಂದು ಅಜ್ಜಿ ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು.

ಮೈಸೂರಿನ ಮನೆಯಲ್ಲಿ ಬೆಳಿಗ್ಗೆ ರಂಗೋಲಿ ಹಾಕುವಾಗ ಇರುವೆಗೆಂದು ಒಂದು ಚಿಟಿಕೆ ಅಕ್ಕಿಹಿಟ್ಟು ಬೇರೆಯಾಗಿ ಉದುರಿಸುವ ಪದ್ಧತಿ. ಅಲ್ಲಿ ಪ್ರಾಣಿಹಿಂಸೆಯ ಮಾತೇ ಇಲ್ಲ. ಆದರೆ ದೇವರ ಮನೆಯಲ್ಲಿ ತಾತ ಜಪಕ್ಕೆ ಕೂರುತ್ತಿದ್ದದ್ದು ಕೃಷ್ಣಾಜಿನದ ಮೇಲೆ. ಅಂಚು ಸವೆದು ಕೂದಲು ಉದುರಿದ್ದ, ತಾತನ ತಂದೆಯ ಕಾಲದ ಜಿಂಕೆ ಚರ್ಮ. ಉಪನಯನಗಳಲ್ಲಿ ವಟುವಿಗೆ ಕಟ್ಟುವುದಕ್ಕೆ ಅದರ ಅಂಚಿನಿಂದಲೇ ಒಂದೊಂದು ತುಣುಕು ಕತ್ತರಿಸಿ ಕೊಡುತ್ತಿದ್ದರು. ಆ ಜಿಂಕೆಯನ್ನು ಕೊಂದವರು ಯಾರು ಎಂದು ಆ ಮನೆಯಲ್ಲಿ ಯಾರೂ ಯಾವತ್ತೂ ಕೇಳಿದ್ದಿಲ್ಲ. ನಾವೂ ಕೇಳಿದ್ದಿಲ್ಲ. ಅದನ್ನು ಕೇಳಿದವಳು ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ನಮ್ಮ ಮಗಳು, ಅದೂ ಎಂಟು ವರ್ಷದವಳಿದ್ದಾಗ, ತಾತನ ಎದುರಿಗೇ.

ನಾವು ಇಲ್ಲಿಗೆ ಬಂದದ್ದು ೧೯೯೬ರಲ್ಲಿ. ಆ ವರ್ಷದ ನವೆಂಬರ್ ಬಹಳ ವಿಚಿತ್ರವಾಗಿ ಕಂಡಿತು. ಥ್ಯಾಂಕ್ಸ್‌ಗಿವಿಂಗ್‌ಗೆ ಹಿಂದಿನ ಶನಿವಾರದಿಂದ ಒಂಬತ್ತು ದಿನ ಜಿಂಕೆಯ ಸೀಸನ್ನು. ಆಫೀಸಿನಲ್ಲಿ ಅರ್ಧ ಜನ ರಜೆ. ಪೆಟ್ರೋಲ್ ಬಂಕಿನಲ್ಲಿ, ಅಂಗಡಿಯಲ್ಲಿ, ಎಲ್ಲೆಲ್ಲೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಕೋಟುಗಳು. ಕಾರುಗಳ ಮೇಲೆ ನಾಲಿಗೆ ಚಾಚಿದ ಜಿಂಕೆಗಳನ್ನು ಹಗ್ಗದಲ್ಲಿ ಕಟ್ಟಿಕೊಂಡು ಬಂದು, ಬಾರುಗಳ ಮುಂದೆ ಸಾಲು ನಿಂತು ನೋಂದಣಿ ಮಾಡಿಸುತ್ತಿದ್ದರು. (೨೦೧೫ರಿಂದ ನೋಂದಣಿಯೆಲ್ಲ ಫೋನಿನಲ್ಲೇ ಆಗುತ್ತದೆ, ಆ ಸಾಲುಗಳಿಲ್ಲ.) ನಮ್ಮ ಮೈಸೂರಿನವರಿಗೆ ಒಂದು ವಾರ ಊಟ ಸೇರಲಿಲ್ಲ. ಮಲೆನಾಡಿನವರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಅವರ ಕಣ್ಣು ಕೊಂಬಿನ ಕವಲುಗಳನ್ನು ಎಣಿಸುತ್ತಿತ್ತೆಂದು ಈಗ ಒಪ್ಪಿಕೊಳ್ಳುತ್ತಾರೆ.

೨೦೦೫ರಲ್ಲಿ ಮ್ಯಾಡಿಸನ್‌ನಿಂದ ಪಶ್ಚಿಮಕ್ಕೆ, ಗುಡ್ಡಗಾಡಿನಲ್ಲಿ ಹನ್ನೆರಡು ಎಕರೆ ಓಕ್ ಕಾಡಿರುವ ಈ ಮನೆಯನ್ನು ಕೊಂಡೆವು. ಮಕ್ಕಳು ‘ಹಾಲಿನಜ್ಜ’ ಎಂದು ಕರೆಯುವ ನಮ್ಮ ನೆರೆಯವರು ಆಗಿನ್ನೂ ನಲವತ್ತು ಹಸು ಕಟ್ಟಿದ್ದರು. ಸೆಪ್ಟೆಂಬರಿನಲ್ಲಿ ಒಂದು ಸಂಜೆ ಮೇಪಲ್ ಸಿರಪ್ಪಿನ ಬಾಟಲಿ ಹಿಡಿದುಕೊಂಡು ಬಂದು, ಟೋಪಿ ತೆಗೆದು, ಹಿಂದಿನ ಮಾಲೀಕರ ಕಾಲದಿಂದ ಈ ಕಾಡಿನಲ್ಲಿ ತಾವು ಬೇಟೆಯಾಡುತ್ತಿರುವುದಾಗಿಯೂ, ನಾವು ಒಪ್ಪಿದರೆ ಮುಂದುವರಿಸುವುದಾಗಿಯೂ, ಇಲ್ಲವೆಂದರೆ ಬೇಸರವಿಲ್ಲವೆಂದೂ ಹೇಳಿದರು. ನಾವು ಆಗುವುದಿಲ್ಲ ಎಂದೆವು. ನಾವು ಸಸ್ಯಾಹಾರಿಗಳು, ನಮ್ಮ ಧರ್ಮದಲ್ಲಿ ಹೀಗೆ ಎಂದೆಲ್ಲ ವಿವರಿಸಿದೆವು. (ಮಲೆನಾಡಿನವರು ಅಷ್ಟು ಹೊತ್ತು ಕಾಫಿ ಮಾಡುವ ನೆಪದಲ್ಲಿ ಒಳಗಿದ್ದರು.) ಅಜ್ಜ ತಲೆಯಾಡಿಸಿ ಸಿರಪ್ಪನ್ನು ಮೇಜಿನ ಮೇಲಿಟ್ಟು ಹೋದರು. ಮಾರನೆಯ ದಿನವೇ ಬೇಲಿಗೆ ‘ಬೇಟೆ ನಿಷಿದ್ಧ’ ಎಂಬ ಬೋರ್ಡು ಹೊಡೆದೆವು. ಅವತ್ತು ಏನೋ ಪುಣ್ಯದ ಕೆಲಸ ಮಾಡಿದಂತೆ ಮನಸ್ಸಿಗೆ ಬಹಳ ಹಿತವಾಗಿತ್ತು.

ಆ ಚಳಿಗಾಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಮದಲ್ಲಿ ಪಾಪ ಏನು ತಿನ್ನುತ್ತವೆ ಎಂದು ಮೆಕ್ಕೆಜೋಳ ತಂದು ಸುರಿದೆವು. ಹದಿನೇಳು ಜಿಂಕೆಗಳು ಬಂದವು. ಮಕ್ಕಳಿಗೆ ಹಬ್ಬ. ಫೋಟೋ ತೆಗೆದು ಊರಿಗೆ ಕಳಿಸಿದೆವು. ನಾಲ್ಕನೆಯ ದಿನ ಅಜ್ಜ ಬಂದು, ಈ ಸಲ ಟೋಪಿ ತೆಗೆಯದೆ, ಜೋಳ ಹಾಕುವುದು ನಮ್ಮ ಕೌಂಟಿಯಲ್ಲಿ ಕಾನೂನಿಗೆ ವಿರುದ್ಧ ಎಂದರು. ೨೦೦೨ರ ಫೆಬ್ರವರಿಯಲ್ಲಿ ನಮ್ಮ ಮನೆಗೆ ದೂರವಲ್ಲದ ಮೌಂಟ್ ಹೋರೆಬ್ ಸುತ್ತಿನ ಜಿಂಕೆಗಳಲ್ಲಿ ಮೆದುಳನ್ನು ಕೊರೆದು ಕೊಲ್ಲುವ ರೋಗವೊಂದು ಪತ್ತೆಯಾಗಿತ್ತು. ಸಿ.ಡಬ್ಲ್ಯು.ಡಿ. ಎನ್ನುತ್ತಾರೆ. ಒಂದೇ ಕಡೆ ಮುಖವಿಟ್ಟು ತಿಂದರೆ ಜೊಲ್ಲಿನಿಂದ ಒಂದರಿಂದ ಇನ್ನೊಂದಕ್ಕೆ ಹತ್ತುತ್ತದೆ. ಔಷಧಿಯಿಲ್ಲ. ನಮ್ಮ ದಯೆಯಿಂದ ಎಷ್ಟು ಜಿಂಕೆಗಳಿಗೆ ರೋಗ ಹತ್ತಿತೋ ದೇವರಿಗೇ ಗೊತ್ತು. ಆ ಜೋಳವನ್ನು ಗುದ್ದಲಿಯಿಂದ ಕೆರೆದು ಚೀಲಕ್ಕೆ ತುಂಬಿದ ಸಂಜೆ ನಮಗೆ ಚೆನ್ನಾಗಿ ನೆನಪಿದೆ.

ಬೇಸಿಗೆಯಲ್ಲಿ ತೋಟ ಮಾಡಿದೆವು. ಊರಿನಿಂದ ತಂದ ಅವರೆ ಬೀಜ, ಹುರುಳಿಕಾಯಿ, ಬೀಟ್‌ರೂಟ್. ಒಂದು ರಾತ್ರಿಯಲ್ಲಿ ಮೂರೂ ಮಟ್ಟಸ. ಪುದೀನವೊಂದನ್ನು ಬಿಟ್ಟಿದ್ದವು. ಅದನ್ನು ನೋಡಿ ನಗುತ್ತಿದ್ದ ಅಜ್ಜ, “ತೋಟ ಹೋಗಲಿ, ನಿಮ್ಮ ಕಾಡು ನೋಡಿದ್ದೀರಾ?” ಎಂದು ಕರೆದುಕೊಂಡು ಹೋದರು. ಅವತ್ತಿನವರೆಗೆ ನಾವು ಕಾಡನ್ನು ಮೇಲಕ್ಕೇ ನೋಡಿದ್ದೆವು. ನೂರು ವರ್ಷದ ಓಕ್ ಮರಗಳು, ಚೆಂದ. ಅಜ್ಜ ಕೆಳಕ್ಕೆ ನೋಡಿ ಎಂದರು. ಮೊಣಕಾಲೆತ್ತರದ ಒಂದು ಓಕ್ ಗಿಡ ಸಹ ಇರಲಿಲ್ಲ. ಇದ್ದವೆಲ್ಲ ಜಿಂಕೆಗೆ ಬೇಡವಾದ ಮುಳ್ಳಿನ ಗಿಡಗಳು. ವಸಂತದಲ್ಲಿ ನೆಲವೆಲ್ಲ ಬೆಳ್ಳಗಾಗುವಂತೆ ಅರಳುತ್ತಿದ್ದ ಟ್ರಿಲಿಯಂ ಹೂ ಅವರ ಬಾಲ್ಯದ ನೆನಪಾಗಿ ಉಳಿದಿತ್ತು. ಅವರ ಮಾತಿನ ಮೇಲೆ ನಾವು ಒಂದು ಕೋಣೆಯಷ್ಟು ಜಾಗಕ್ಕೆ ಎಂಟಡಿ ಎತ್ತರದ ತಂತಿ ಬೇಲಿ ಹಾಕಿದೆವು. ಮೂರು ವರ್ಷದಲ್ಲಿ ಬೇಲಿಯೊಳಗೆ ಮಗಳ ಸೊಂಟದೆತ್ತರಕ್ಕೆ ಓಕ್ ಸಸಿಗಳು, ಹೊರಗೆ ಬರಿಯ ನೆಲ. ಮುದಿ ಮರಗಳಷ್ಟೇ ಇದ್ದು ಮಕ್ಕಳಿಲ್ಲದ ಅಗ್ರಹಾರ ಎಂದು ಮೈಸೂರಿನವರು ಹೇಳಿದ್ದು ಅಲ್ಲೇ.

ಜಿಂಕೆಗಳು ಇಷ್ಟೊಂದು ಆಗಲು ಕಾರಣವೇನು? ನಾವು ಲೈಬ್ರರಿಗೆ ಅಲೆಯತೊಡಗಿದ್ದು ಆಗ. ಇಲ್ಲಿನ ಕಥೆ ನಮ್ಮ ಮಲೆನಾಡಿನ ಅಜ್ಜನ ಕಥೆಯೇ, ಆದರೆ ಸಾವಿರ ಪಾಲು ದೊಡ್ಡದು. ೧೮೭೧ರಲ್ಲಿ ವಿಸ್ಕಾನ್ಸಿನ್‌ನ ನಡುಭಾಗದ ಕಾಡುಗಳಲ್ಲಿ ೧೩ ಕೋಟಿಗೂ ಹೆಚ್ಚು ಪ್ಯಾಸೆಂಜರ್ ಪಾರಿವಾಳಗಳು ಗೂಡು ಕಟ್ಟಿದ್ದವೆಂದು ಅಂದಾಜು. ತಂತಿಯಲ್ಲಿ ಸುದ್ದಿ ಮುಟ್ಟಿ, ರೈಲಿನಲ್ಲಿ ಬೇಟೆಗಾರರು ಬಂದು, ಪೀಪಾಯಿಗಳಲ್ಲಿ ತುಂಬಿ ಪಟ್ಟಣಗಳಿಗೆ ಮಾರಿದರು. ಈ ರಾಜ್ಯದ ಕೊನೆಯ ಕಾಡುಪಾರಿವಾಳವನ್ನು ೧೮೯೯ರಲ್ಲಿ ಬ್ಯಾಬ್‌ಕಾಕ್ ಎಂಬಲ್ಲಿ ಹೊಡೆದರು. ಆ ಜಾತಿಯ ಕಟ್ಟಕಡೆಯ ಹಕ್ಕಿ ೧೯೧೪ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ವಿಸ್ಕಾನ್ಸಿನ್ ನದಿ ಮಿಸಿಸಿಪ್ಪಿಯನ್ನು ಸೇರುವಲ್ಲಿ, ವಯಲೂಸಿಂಗ್ ಪಾರ್ಕಿನ ಬಂಡೆಯ ಮೇಲೆ, ೧೯೪೭ರಲ್ಲಿ ಅದಕ್ಕೊಂದು ಸ್ಮಾರಕ ನಿಲ್ಲಿಸಿದ್ದಾರೆ. ಒಂದು ಹಕ್ಕಿಯ ಜಾತಿಗೆ ವೀರಗಲ್ಲು. ಪಿಕ್ನಿಕ್ಕಿಗೆ ಹೋದವರು ಐದು ನಿಮಿಷ ಅದರ ಮುಂದೆ ನಿಲ್ಲಿ.

ಬೇಟೆಯ ಮಾಂಸ ಮಾರುಕಟ್ಟೆಗೆ ಹೋಗುವುದೇ ಸರ್ವನಾಶದ ಬೇರು ಎಂದು ಇಲ್ಲಿಯವರಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಅಕ್ರಮವಾಗಿ ಕೊಂದದ್ದನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸದಂತೆ ೧೯೦೦ರಲ್ಲಿ ಲೇಸಿ ಕಾಯಿದೆ ಬಂತು. ಇವತ್ತಿಗೂ ಇಲ್ಲಿ ಕಾಡುಜಿಂಕೆಯ ಮಾಂಸವನ್ನು ತಿನ್ನಬಹುದು, ಕೊಡಬಹುದು, ಮಾರುವಂತಿಲ್ಲ. ೧೯೩೪ರಲ್ಲಿ ಬಾತುಕೋಳಿ ಬೇಟೆಗಾರರು ಅಂಚೆಚೀಟಿಯಂಥದೊಂದು ಚೀಟಿ ಕೊಳ್ಳಬೇಕೆಂದಾಯಿತು. ಆ ದುಡ್ಡಿನಿಂದ ಸರ್ಕಾರ ಜೌಗು ನೆಲ ಕೊಳ್ಳುತ್ತದೆ. ೧೯೩೭ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಬಂದು, ಬೇಟೆ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ಶೇ. ೧೧ರ ತೆರಿಗೆ ನೇರವಾಗಿ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಸಂದಾಯವಾಗತೊಡಗಿತು. ಆ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಬೇಟೆಗಾರರೇ ಮುಂದೆ ನಿಂತು ತಮ್ಮ ಮೇಲೆ ಈ ತೆರಿಗೆಯನ್ನು ಬೆಂಬಲಿಸಿದರು. ನಾವು ಪ್ರತಿ ಅಕ್ಟೋಬರಿನಲ್ಲಿ ಹೆಬ್ಬಾತುಗಳನ್ನು ನೋಡಲು ಮಕ್ಕಳ ಸಮೇತ ಹೊರಿಕಾನ್ ಜೌಗಿಗೆ ಹೋಗಿ ಚಿತ್ರಾನ್ನ ತಿಂದು ಬರುತ್ತೇವಲ್ಲ, ಅದು ಒಂದು ಕಾಲದಲ್ಲಿ ಕಾಲುವೆ ತೋಡಿ ಬತ್ತಿಸಿ ಹಾಳುಮಾಡಿದ ನೆಲ. ಅಂಥ ನೆಲಗಳನ್ನು ಮತ್ತೆ ನೀರಿಗೆ ಬಿಡಿಸಿಕೊಂಡವರಲ್ಲಿ, ನಿಜ ಹೇಳಬೇಕೆಂದರೆ, ಬಾತು ಹೊಡೆಯುವವರು ಮುಂದಿದ್ದರು. ಬಾತು ನೋಡುವ ನಮ್ಮಂಥವರು ಹಿಂದೆ. ಅದು ತಿಳಿದ ವರ್ಷದಿಂದ ನಮ್ಮ ಮನೆಯಲ್ಲೂ ಆ ಬಾತಿನ ಚೀಟಿ ಕೊಳ್ಳುತ್ತೇವೆ. ೨೦೧೫ರಿಂದ ಇಪ್ಪತ್ತೈದು ಡಾಲರ್, ಬೇಟೆಯಾಡಲೇಬೇಕೆಂದಿಲ್ಲ. ಆದರೂ ಬೇಟೆಗಾರರೇ ಎಲ್ಲ ಕೊಡುತ್ತಾರೆ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಬಂದೂಕಿನ ತೆರಿಗೆಯ ದೊಡ್ಡ ಪಾಲು ಈಗ ಕಾಡಿಗೇ ಕಾಲಿಡದ ಕೊಳ್ಳುವವರಿಂದ ಬರುತ್ತದೆ.

ಹೀಗೆ ಉಳಿದ ಜಿಂಕೆಗಳು ಬೆಳೆದವು. ಅವನ್ನು ತಿನ್ನುವ ತೋಳಗಳನ್ನು ಮಾತ್ರ ಉಳಿಸಲಿಲ್ಲ. ತಲೆಗಿಷ್ಟು ಎಂದು ಬಹುಮಾನ ಕೊಟ್ಟು ಕೊಲ್ಲಿಸಿ, ೧೯೬೦ರ ಹೊತ್ತಿಗೆ ರಾಜ್ಯದಲ್ಲಿ ತೋಳವೇ ಇಲ್ಲದಂತಾಯಿತು. ಇದರ ಫಲವನ್ನು ಮೊದಲೇ ಕಂಡವರು ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಡೊ ಲಿಯೊಪೋಲ್ಡ್. ಅವರೂ ಬೇಟೆಗಾರರೇ. ೧೯೦೯ರ ಸುಮಾರಿಗೆ ಆರಿಜೋನಾದಲ್ಲಿ ತರುಣ ಅರಣ್ಯಾಧಿಕಾರಿಯಾಗಿದ್ದಾಗ ಗುಂಡು ತಗುಲಿದ ಮುದಿ ತೋಳವೊಂದರ ಕಣ್ಣಿನಲ್ಲಿ ಹಸಿರು ಬೆಂಕಿ ಆರುವುದನ್ನು ಹತ್ತಿರ ನಿಂತು ನೋಡಿದ್ದರು. ೧೯೪೩ರಲ್ಲಿ ಇಲ್ಲಿ ಹೆಣ್ಣು ಜಿಂಕೆಗಳನ್ನೂ ಹೊಡೆಯಲೇಬೇಕು, ಇಲ್ಲವಾದರೆ ಕಾಡೂ ಉಳಿಯದು, ಜಿಂಕೆಯೂ ಉಪವಾಸ ಸಾಯುತ್ತದೆ ಎಂದು ಪಟ್ಟು ಹಿಡಿದಾಗ ಬೇಟೆಗಾರರೇ ಅವರ ಮೇಲೆ ಮುಗಿಬಿದ್ದರು. ಬ್ಯಾರಬೂ ಹತ್ತಿರ ಅವರ ಕುಟುಂಬ ೧೯೩೫ರಲ್ಲಿ ಕೊಂಡ ಹಾಳು ಹೊಲ, ಕೋಳಿಗೂಡನ್ನು ರಿಪೇರಿ ಮಾಡಿಕೊಂಡ ಗುಡಿಸಲು ಈಗಲೂ ಇದೆ. ಅವರ ಪುಸ್ತಕ ಹೊರಬಂದದ್ದು ೧೯೪೯ರಲ್ಲಿ. ಹಿಂದಿನ ವರ್ಷವೇ ನೆರೆಯವರ ಹೊಲದ ಹುಲ್ಲಿಗೆ ಬಿದ್ದ ಬೆಂಕಿ ಆರಿಸಲು ಹೋಗಿ ಅವರು ತೀರಿಕೊಂಡಿದ್ದರು.

ಇಷ್ಟೆಲ್ಲ ಓದಿದರೂ ನಮ್ಮ ಬೇಲಿಯ ಬೋರ್ಡು ಹಾಗೇ ಇತ್ತು. ಓದಿ ತಿಳಿಯುವುದೇ ಬೇರೆ. ಬೋರ್ಡು ಇಳಿದದ್ದು ೨೦೦೯ರ ನವೆಂಬರಿನಲ್ಲಿ. ರಾಜ್ಯೋತ್ಸವ ಮುಗಿಸಿಕೊಂಡು ಮಿಲ್ವಾಕಿಯಿಂದ ಬರುತ್ತಿದ್ದೆವು. ರಾತ್ರಿ ಹತ್ತೂವರೆ. ಮಕ್ಕಳು ಹಿಂದೆ ನಿದ್ದೆಯಲ್ಲಿ, ಡಿಕ್ಕಿಯಲ್ಲಿ ಬಿಸಿಬೇಳೆ ಭಾತಿನ ಖಾಲಿ ಪಾತ್ರೆ. ಮನೆಗೆ ಆರು ಮೈಲಿಯಿರುವಾಗ ಗಂಡು ಜಿಂಕೆಯೊಂದು ರಸ್ತೆ ದಾಟಿತು, ಅದರ ಹಿಂದೆ ನೋಡದೆ ಮುಂದಿನದನ್ನಷ್ಟೇ ನೋಡಿ ನಿಟ್ಟುಸಿರು ಬಿಟ್ಟೆವು. ಎರಡನೆಯದು ಬಂದು ಬಡಿಯಿತು. ನಮಗಾರಿಗೂ ಏನೂ ಆಗಲಿಲ್ಲ. ಅದು ಹೆಣ್ಣು. ಹಿಂಗಾಲೆರಡೂ ಮುರಿದಿದ್ದವು. ಮುಂಗಾಲು ಊರಿ ಏಳುವುದು, ಬೀಳುವುದು, ಮತ್ತೆ ಏಳುವುದು. ಫೋನು ಮಾಡಿ ಷೆರಿಫ್ ಕಚೇರಿಯ ಡೆಪ್ಯುಟಿ ಬರುವುದಕ್ಕೆ ನಲವತ್ತು ನಿಮಿಷವಾಯಿತು. ಆ ನಲವತ್ತು ನಿಮಿಷ ನಾವು ಏನೂ ಮಾಡಲಾರದೆ ರಸ್ತೆಯ ಅಂಚಿನಲ್ಲಿ ನಿಂತಿದ್ದೆವು. ಮೈಸೂರಿನವರು ಬಾಯಿಗೆ ಬಂದ ಸ್ತೋತ್ರ ಹೇಳುತ್ತಿದ್ದರು. ಮಲೆನಾಡಿನವರು ಒಂದೇ ಮಾತು ಹೇಳಿದರು: “ಒಂದು ಕೋವಿ ಇದ್ದಿದ್ದರೆ.” ಎದ್ದ ಮಗಳು ಕಾರಿನ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳೆಂದು ಆಮೇಲೆ ತಿಳಿಯಿತು. ಡೆಪ್ಯುಟಿ ಬಂದು, ನಮ್ಮನ್ನು ಆಚೆ ಕಳಿಸಿ, ಕೆಲಸ ಮುಗಿಸಿ, ಬಹಳ ಸೌಜನ್ಯದಿಂದ “ಮಾಂಸ ನಿಮಗೆ ಬೇಕೆ? ಮೊದಲ ಹಕ್ಕು ನಿಮ್ಮದು” ಎಂದು ಕೇಳಿದ. ನಮ್ಮ ಹಿಂದೆ ಟ್ರಕ್ ನಿಲ್ಲಿಸಿಕೊಂಡಿದ್ದವನೊಬ್ಬ ತನಗೆ ಕೊಡಿ ಎಂದ. ರೇಷ್ಮೆ ಸೀರೆ, ಜರಿ ಶಲ್ಯದಲ್ಲಿ ನಿಂತು ತಲೆಯಾಡಿಸಿದೆವು.

ಈ ರಾಜ್ಯದಲ್ಲಿ ವರ್ಷಕ್ಕೆ ಸಾವಿರಾರು ಜಿಂಕೆಗಳು ಹೀಗೆ ರಸ್ತೆಯಲ್ಲಿ ಸಾಯುತ್ತವೆ. ಕೊಲ್ಲುವವರು ನಮ್ಮಂತೆ ಆಫೀಸಿಗೆ, ಮಕ್ಕಳ ಭರತನಾಟ್ಯದ ಕ್ಲಾಸಿಗೆ, ರಾಜ್ಯೋತ್ಸವಕ್ಕೆ ಹೋಗುವವರೇ. ಬೋರ್ಡು ಹೊಡೆದು ನಾವು ಕೈ ತೊಳೆದುಕೊಂಡಿದ್ದೆವು ಅಷ್ಟೆ. ಜಿಂಕೆ ಸಾಯುವುದು ನಿಂತಿರಲಿಲ್ಲ. ನಮ್ಮ ಕಾಡಿನಲ್ಲಿ ಹೆಚ್ಚಿದ ಜಿಂಕೆ ಎಲ್ಲಿಗೆ ಹೋಗಬೇಕು? ರಸ್ತೆಗೆ. ವಾರದೊಳಗೆ ನಾವೇ ಅಜ್ಜನ ಮನೆಗೆ ಹೋದೆವು. ಈ ಸಲ ಸಿರಪ್ಪಿನ ಬದಲು ನಮ್ಮ ಕೈಯಲ್ಲಿ ಮೈಸೂರುಪಾಕು. ಷರತ್ತು ಹಾಕಿದೆವು: ಹೆಣ್ಣು ಜಿಂಕೆಗೆ ಮೊದಲ ಆದ್ಯತೆ, ಕೊಂಬಿಗಾಗಿ ಬೇಟೆ ಬೇಡ, ಖಚಿತವಿಲ್ಲದ ಗುಂಡು ಬೇಡ, ಒಂದು ಚೂರೂ ಹಾಳಾಗಬಾರದು. ಅಜ್ಜ ನಕ್ಕು, ಇವೆಲ್ಲ ತಮ್ಮ ಅಪ್ಪ ಹಾಕಿದ ಷರತ್ತುಗಳೇ ಎಂದರು.

ಮೊದಲ ದಿನ ಬೆಳಗಿನ ನಾಲ್ಕೂವರೆಗೆ ಅವರು ಟಾರ್ಚು ಹಿಡಿದು ಕಾಡಿಗೆ ಹೋದದ್ದನ್ನು ಅಡುಗೆಮನೆಯಿಂದ ನೋಡಿದೆವು. ಇಡೀ ದಿನ ಗುಂಡಿನ ಸದ್ದಿಲ್ಲ. ಸಂಜೆ ಇಳಿದು ಬಂದು, ಒಂದು ಹೆಣ್ಣು ಅರವತ್ತು ಗಜದಲ್ಲಿ ನಿಂತಿತ್ತು, ನಡುವೆ ಒಂದು ರೆಂಬೆ ಅಡ್ಡವಿತ್ತು, ಬಿಟ್ಟೆ ಎಂದರು. ಹನ್ನೊಂದು ಗಂಟೆ ಹಿಮದಲ್ಲಿ ಮರದ ಮೇಲೆ ಕೂತು ಒಂದು ರೆಂಬೆಗಾಗಿ ಬಿಟ್ಟು ಬಂದ ಎಪ್ಪತ್ತರ ಮುದುಕರನ್ನು ಕಂಡು ಮೈಸೂರಿನವರು ಏನೂ ಮಾತಾಡದೆ ಕಾಫಿ ಕೊಟ್ಟರು. ಮೂರನೆಯ ದಿನ ಒಂದೇ ಸದ್ದು. ನಾವಿಬ್ಬರೂ ಹೋದೆವು. ಬಿದ್ದ ಜಿಂಕೆಯ ಪಕ್ಕದಲ್ಲಿ ಅಜ್ಜ ಮೊಣಕಾಲೂರಿ, ಕೈಗವಸು ತೆಗೆದು, ಅದರ ಕುತ್ತಿಗೆಯ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚಾಕು ತೆಗೆದರು. ನಮ್ಮಲ್ಲಿ ಒಬ್ಬರು ಅಲ್ಲೇ ನಿಂತೆವು, ಒಬ್ಬರು ಮನೆಗೆ ವಾಪಸು ಬಂದೆವು. ಯಾರು ಯಾವುದೆಂದು ನೀವು ಊಹಿಸಿದ್ದು ತಪ್ಪು.

ಮಾಂಸವನ್ನು ರೋಗಪರೀಕ್ಷೆಗೆ ಕೊಟ್ಟು ಫಲಿತಾಂಶ ಬರುವವರೆಗೆ ಯಾರೂ ತಿನ್ನುವುದಿಲ್ಲ. ಮನುಷ್ಯರಿಗೆ ಆ ರೋಗ ಹತ್ತಿದ ಉದಾಹರಣೆ ಇಲ್ಲವಾದರೂ ರೋಗವಿರುವ ಜಿಂಕೆಯನ್ನು ತಿನ್ನಬೇಡಿರೆಂದು ವೈದ್ಯಶಾಸ್ತ್ರ ಹೇಳುತ್ತದೆ. ಎರಡು ವರ್ಷ ನಮ್ಮ ಕಾಡಿನ ಜಿಂಕೆಯಲ್ಲಿ ರೋಗವಿತ್ತು, ಪೂರ್ತಿ ಎಸೆಯಬೇಕಾಯಿತು. (ರೋಗದ ಪ್ರದೇಶದ ಜಿಂಕೆಗಳನ್ನೆಲ್ಲ ಹೊಡೆದು ರೋಗ ಅಳಿಸುತ್ತೇವೆಂದು ಇಲಾಖೆ ೨೦೦೨ರಿಂದ ಕೆಲವು ವರ್ಷ ಪ್ರಯತ್ನಪಟ್ಟು ಕೈಬಿಟ್ಟಿತು. ಗುಂಡಿನಿಂದ ಎಲ್ಲವೂ ಆಗುವುದಿಲ್ಲ.) ಸರಿಯಿದ್ದ ವರ್ಷ ಅಜ್ಜ ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಬಡವರ ಆಹಾರ ಭಂಡಾರಕ್ಕೆ ಕೊಡುತ್ತಾರೆ. ೨೦೦೦ದಿಂದ ಅದಕ್ಕೊಂದು ಸರ್ಕಾರಿ ಏರ್ಪಾಡೇ ಇದೆ. ಮತ್ತು ಜಾಗದವರ ಪಾಲೆಂದು ಒಂದು ಪೊಟ್ಟಣ ತಂದು ನಮ್ಮ ಬಾಗಿಲಿಗೆ ಇಡುತ್ತಾರೆ. ಆ ಪೊಟ್ಟಣ ಏನಾಗುತ್ತದೆ ಎಂಬುದು ನಮ್ಮ ಮನೆಯ ಗ್ಯಾರೇಜು ಮತ್ತು ಅಲ್ಲಿರುವ ಬೇರೆ ಒಲೆಗೆ ಸಂಬಂಧಿಸಿದ ವಿಷಯ. ಮಲೆನಾಡಿನ ಅಜ್ಜಿಯ ಖಾರ ಕಡೆಯುವ ಕ್ರಮ ಫೋನಿನಲ್ಲಿ ಕೇಳಿ ಬರೆದುಕೊಂಡದ್ದಿದೆ, ಅಷ್ಟು ಹೇಳಿದರೆ ಸಾಕು.

ಹಾಗಾದರೆ ನಮ್ಮ ದೇಶದಲ್ಲೂ ಬೇಟೆ ಬಿಡಬೇಕೆ ಎಂದು ಸಂಘದ ತರುಣರೊಬ್ಬರು ಕೇಳಿದರು. ಬೇಡ ಎಂಬುದೇ ನಮ್ಮ ಅಭಿಪ್ರಾಯ. ಇಲ್ಲಿ ಜಿಂಕೆ ೧೫ ಲಕ್ಷಕ್ಕೂ ಹೆಚ್ಚಿವೆ, ಕೊಡುವ ಪ್ರತಿ ಲೈಸೆನ್ಸಿನ ಲೆಕ್ಕವಿದೆ, ಮಾಂಸ ಮಾರುವಂತಿಲ್ಲ. ನಮ್ಮಲ್ಲಿ ಕಾಡು ಚೂರುಚೂರಾಗಿದೆ, ಸುತ್ತ ಜನ ಕಿಕ್ಕಿರಿದಿದ್ದಾರೆ, ಉರುಳು ಹಾಕುವವರಿದ್ದಾರೆ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ ೧೯೭೩ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. ೨೦೨೨ರ ಗಣತಿಯಲ್ಲಿ ಕರ್ನಾಟಕದಲ್ಲಿ ೫೬೩ ಹುಲಿಗಳ ಲೆಕ್ಕ ಸಿಕ್ಕಿತು. ನಿಷೇಧವಿಲ್ಲದೆ ಇದು ಆಗುತ್ತಿರಲಿಲ್ಲ. ಆದರೆ ಈ ಹುಲಿ, ಆನೆ, ಹಂದಿಗಳ ಬೆಲೆಯನ್ನು ಕಾಡಂಚಿನ ರೈತ ತನ್ನ ಗದ್ದೆಯಲ್ಲಿ ಕೊಡುತ್ತಿದ್ದಾನೆ, ನಾವು ದೂರದಲ್ಲಿ ಕೂತು ಸಂತೋಷಪಡುತ್ತೇವೆ ಎಂಬುದನ್ನು ತೀರ್ಥಹಳ್ಳಿಯ ಭಾವ ಪ್ರತಿ ಫೋನಿನಲ್ಲಿಯೂ ನೆನಪಿಸುತ್ತಾರೆ. ಅದಕ್ಕೆ ನಮ್ಮ ಬಳಿ ಉತ್ತರವಿಲ್ಲ.

ಮಹಾಭಾರತದ ವನಪರ್ವದಲ್ಲಿ ಒಂದು ಪ್ರಸಂಗವಿದೆ. ದ್ವೈತವನದಲ್ಲಿ ಧರ್ಮರಾಯನ ಕನಸಿನಲ್ಲಿ ಜಿಂಕೆಗಳು ಬಂದು ಅಳುತ್ತವೆ. ನಿನ್ನ ತಮ್ಮಂದಿರ ಬೇಟೆಯಿಂದ ನಾವು ಬೀಜಕ್ಕೆಂಬಷ್ಟೇ ಉಳಿದಿದ್ದೇವೆ, ಬೇರೆ ಕಾಡಿಗೆ ಹೋಗಿ, ನಮ್ಮ ಕುಲ ಬೆಳೆಯಲಿ ಎಂದು ಬೇಡಿಕೊಳ್ಳುತ್ತವೆ. ಬೆಳಿಗ್ಗೆ ಪಾಂಡವರು ಗಂಟುಮೂಟೆ ಕಟ್ಟಿ ಕಾಮ್ಯಕವನಕ್ಕೆ ಹೊರಡುತ್ತಾರೆ. ಜಿಂಕೆಗಳು ಬೇಟೆಯನ್ನೇ ಬಿಡಿ ಎಂದು ಕೇಳಲಿಲ್ಲ. ಬೀಜ ಉಳಿಸಿ ಎಂದವು. ಬಾಲ್ಯದಿಂದ ಭಾರತ ಕೇಳುತ್ತ ಬೆಳೆದ ನಮಗೆ ಈ ಕನಸು ಕಣ್ಣಿಗೆ ಬಿದ್ದದ್ದು ಇಲ್ಲಿಗೆ ಬಂದ ಮೇಲೆ.

ಅಜ್ಜನೊಡನೆ ನಮಗೆ ಜಗಳವಾದದ್ದೂ ಇದೆ. ೧೯೭೦ರ ದಶಕದಲ್ಲಿ ಮಿನೆಸೋಟಾದಿಂದ ತಾವಾಗಿ ನಡೆದು ಬಂದ ತೋಳಗಳು ಉತ್ತರದ ಕಾಡುಗಳಲ್ಲಿ ಮತ್ತೆ ಸಾವಿರದ ಆಸುಪಾಸಿಗೆ ಬೆಳೆದಿದ್ದವು. ೨೦೨೧ರ ಜನವರಿಯಲ್ಲಿ ಕೇಂದ್ರದ ರಕ್ಷಣೆ ತೆಗೆದದ್ದೇ ತಡ, ಕೋರ್ಟಿನ ಆದೇಶದಿಂದ ಫೆಬ್ರವರಿಯಲ್ಲಿ ಅವಸರದ ಬೇಟೆ ನಡೆಯಿತು. ಒಟ್ಟು ೨೦೦ ತೋಳಗಳಲ್ಲಿ ೮೧ ಒಜಿಬ್ವೆ ಬುಡಕಟ್ಟಿನವರ ಪಾಲು. ಅವರ ಸೃಷ್ಟಿಕಥೆಯಲ್ಲಿ ತೋಳ ಆದಿಮಾನವನ ಒಡಹುಟ್ಟು. ಅವರು ತಮ್ಮ ಪಾಲನ್ನು ಹೊಡೆಯುವುದಿಲ್ಲ, ಬದುಕಿರಲಿ ಎಂದರು. ಉಳಿದ ೧೧೯ರ ಲೆಕ್ಕ ಮೂರು ದಿನ ತುಂಬುವುದರೊಳಗೆ ದಾಟಿ, ೨೦೦ಕ್ಕೂ ಹೆಚ್ಚು ತೋಳಗಳು ಸತ್ತವು. ಹೆಚ್ಚಿನವನ್ನು ನಾಯಿ ಬಿಟ್ಟು ಅಟ್ಟಿಸಿ ಹೊಡೆದದ್ದು. ಅದು ತೋಳಗಳ ಕೂಡುವ ಕಾಲ. ಕರು ಕಳೆದುಕೊಂಡ ಉತ್ತರದ ನೆಂಟರ ಪರವಾಗಿ ಅಜ್ಜ ಅದನ್ನು ಸಮರ್ಥಿಸಿದರು. ಇದೂ ಬೇಟೆಯೇ, ಇದೂ ಲೈಸೆನ್ಸೇ ಎಂದರು. ಜಿಂಕೆ ಹೊಡೆಯಲು ಬಿಟ್ಟವರು ತೋಳಕ್ಕೇಕೆ ಅಳುತ್ತೀರಿ ಎಂದರು. ಅಳುವುದು ತೋಳಕ್ಕೆ ಮಾತ್ರವಲ್ಲ, ರೆಂಬೆ ಅಡ್ಡ ಬಂದರೆ ಬಿಟ್ಟು ಬರುವ ನಿಮ್ಮ ಬೇಟೆಗೂ ಇದಕ್ಕೂ ಒಂದೇ ಹೆಸರಿರುವುದಕ್ಕೆ ಎಂದೆವು. ಪಾಂಡುರಾಜನ ಕಥೆಯನ್ನೂ ಹೇಳಿದೆವು: ಜಿಂಕೆಯ ರೂಪದಲ್ಲಿ ಹೆಂಡತಿಯೊಡನಿದ್ದ ಕಿಂದಮ ಋಷಿಗೆ ಬಾಣ ಬಿಟ್ಟಾಗ ಋಷಿ ದೂರಿದ್ದು ಬೇಟೆಯನ್ನಲ್ಲ, ಕೂಡುವ ಹೊತ್ತು ಮುಗಿಯುವವರೆಗೆ ಕಾಯದಿದ್ದುದನ್ನು. ಅಜ್ಜ ಕೇಳಿಸಿಕೊಂಡು, ಉತ್ತರ ಕೊಡದೆ ಎದ್ದು ಹೋದರು. ಎರಡು ತಿಂಗಳು ಮಾತಿಲ್ಲ. ೨೦೨೨ರಲ್ಲಿ ಇನ್ನೊಂದು ಕೋರ್ಟು ತೋಳಕ್ಕೆ ರಕ್ಷಣೆ ಮರಳಿ ಕೊಟ್ಟಿತು. ಈ ಒಂದು ವಿಷಯ ಅವರೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ.

೨೦೦೦ದಲ್ಲಿ ಈ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆಗಾರರು ಏಳು ಲಕ್ಷದ ಹತ್ತಿರವಿದ್ದರು. ೨೦೨೩ರಲ್ಲಿ ಐದೂವರೆ ಲಕ್ಷ. ಅಜ್ಜನ ಮೊಣಕಾಲು ಈಗ ಮರ ಹತ್ತಲು ಬಿಡುವುದಿಲ್ಲ. ಹಸುಗಳನ್ನು ಮಾರಿಯಾಗಿದೆ, ಮಗನಿಗೆ ಬೇಟೆಯಲ್ಲಿ ಆಸಕ್ತಿಯಿಲ್ಲ. ಹೋದ ಎರಡು ವರ್ಷದಿಂದ ಹತ್ತುವವಳು ಅವರ ಮೊಮ್ಮಗಳು, ಗುಲಾಬಿ ಬಣ್ಣದ ಕೋಟು ತೊಟ್ಟುಕೊಂಡು. (೨೦೧೬ರಿಂದ ಕಿತ್ತಳೆಯ ಜೊತೆಗೆ ಅದಕ್ಕೂ ಅನುಮತಿಯಿದೆ.) ಅಜ್ಜ ನಮ್ಮ ಅಡುಗೆಮನೆಯಲ್ಲಿ ಕೂತು ಕಿಟಕಿಯಿಂದ ನೋಡುತ್ತಾರೆ.

ಹೋದ ವರ್ಷ ಅವರು ಹದಮಾಡಿದ ಒಂದು ಜಿಂಕೆ ಚರ್ಮ ತಂದುಕೊಟ್ಟರು. ತಾತನ ಸವೆದ ಕೃಷ್ಣಾಜಿನದ ಕಥೆ, ಊರಿನಲ್ಲಿ ಈಗ ಅಂಥದ್ದನ್ನು ಕಾನೂನಿನಂತೆ ಕೊಳ್ಳಲಾಗದೆಂಬುದು, ಯಾವಾಗಲೋ ನಮ್ಮ ಮಾತಿನಲ್ಲಿ ಬಂದದ್ದನ್ನು ನೆನಪಿಟ್ಟುಕೊಂಡಿದ್ದರು. ತಾತ ಈಗಿಲ್ಲ. ಇದು ಕೃಷ್ಣಮೃಗವೂ ಅಲ್ಲ, ಇದಕ್ಕೆ ಶಾಸ್ತ್ರವಿದೆಯೋ ಇಲ್ಲವೋ, ಯಾರನ್ನು ಕೇಳುವುದು? ಮಗ ಇದರ ಮೇಲೆ ಕೂರುವುದಿಲ್ಲ ಎನ್ನುತ್ತಾನೆ. ಇದನ್ನು ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಹೊಡೆದರೆಂದಾದರೂ ನಮಗೆ ಗೊತ್ತಿದೆಯಲ್ಲ ಎನ್ನುತ್ತಾಳೆ ಮಗಳು. ಸದ್ಯಕ್ಕೆ ಹಳೆಯ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ದೇವರ ಕೋಣೆಯಲ್ಲೂ ಅಲ್ಲದೆ ಗ್ಯಾರೇಜಿನಲ್ಲೂ ಅಲ್ಲದೆ, ನಡುಮನೆಯ ಕ್ಲಾಸೆಟ್ಟಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇವೆ.